ಎರಡೇ ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿ ಸೈಕಲ್ ಒಯ್ಯುವುದು ಹೇಗೆ?

ಓದುಗರ ಪ್ರಶ್ನೆ:

"ಸರ್, ನಮಸ್ಕಾರ. ನಾನು ಬೆಂಗಳೂರಿನವನು. ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ತಗೊಂಡ ಪೋರ್ಷೆ 718 ಕೇಮನ್ ಇದೆ. ಕಾರ್ಬನ್ ಫ್ರೇಮಿನ, ಡಿಸ್ಕ್ ಬ್ರೇಕಿನ ರೋಡ್ ಬೈಕೂ ಇದೆ. ಭಾನುವಾರ ಬೆಳಗಿನ ಜಾವ ಕಾರಹಳ್ಳಿ ಕ್ರಾಸ್‌ವರೆಗೆ ಕಾರಿನಲ್ಲಿ ಹೋಗಿ, ಅಲ್ಲಿಂದ ಸೈಕಲ್‌ನಲ್ಲಿ ನಂದಿ ಬೆಟ್ಟ ಹತ್ತಬೇಕು ಅಂತ ಆಸೆ. ವರ್ಷಕ್ಕೆ ಒಂದೆರಡು ಸಲ ಹೆಂಡತಿ ಜೊತೆ ಮಡಿಕೇರಿಗೆ ಹೋಗುತ್ತೇನೆ, ಆಗಲೂ ಸೈಕಲ್ ಬೇಕು. ರಬ್ಬರ್ ಕಪ್ ಇರುವ ರ‍್ಯಾಕ್ ತಗೋ ಅಂತ ಒಬ್ಬ ಗೆಳೆಯ ಹೇಳಿದ. ಅದು ಹೈವೇಯಲ್ಲಿ ಕಿತ್ತು ಹಾರಿಹೋಗುತ್ತೆ ಅಂತ ಇನ್ನೊಬ್ಬ ಹೆದರಿಸಿದ. ಬೆಲ್ಟ್ ಬಿಗಿಯುವ ಡಿಕ್ಕಿ ರ‍್ಯಾಕ್ ಯಾವ ಕಾರಿಗಾದರೂ ಆಗುತ್ತೆ ಅಂತ ಅಂಗಡಿಯವರು ಹೇಳುತ್ತಾರೆ. ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ ರ‍್ಯಾಕ್ ಹಾಕಿದರೆ ವಾರಂಟಿ ಹೋಗುತ್ತೆ ಅಂದರು. ಪೊಲೀಸರು ಹಿಡಿಯುತ್ತಾರೆ ಅಂತ ಹೆಂಡತಿಗೆ ಭಯ. ಇಡೀ ಕಾರಿಗೆ ಪಿಪಿಎಫ್ (ಪೇಂಟ್ ಕಾಯುವ ಪಾರದರ್ಶಕ ಫಿಲ್ಮ್) ಹಾಕಿಸಿದ್ದೇನೆ. ಸೈಕಲ್‌ಗೋಸ್ಕರ ಇನ್ನೊಂದು ಕಾರು ತಗೊಳ್ಳೋ ಮನಸ್ಸಿಲ್ಲ. ಏನು ಮಾಡಲಿ?"

ಉತ್ತರ:

ನಮಸ್ಕಾರ. ಇನ್ನೊಂದು ಕಾರು ಬೇಕಾಗಿಲ್ಲ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಪ್ರಯಾಣ ಸೇರಿಕೊಂಡಿವೆ. ಭಾನುವಾರ ನೀವೊಬ್ಬರೇ, ಪಕ್ಕದ ಸೀಟು ಖಾಲಿ. ಮಡಿಕೇರಿಗೆ ಹೋಗುವಾಗ ಆ ಸೀಟಿನಲ್ಲಿ ನಿಮ್ಮ ಹೆಂಡತಿ ಇರುತ್ತಾರೆ. ಎರಡಕ್ಕೂ ಒಂದೇ ಪರಿಹಾರ ಹುಡುಕಲು ಹೋಗಿ ಗೊಂದಲವಾಗಿದೆ. ಬೇರೆ ಮಾಡಿ ನೋಡಿದರೆ ಅರ್ಧ ತಲೆನೋವು ಕಡಿಮೆಯಾಗುತ್ತದೆ.

ಸೈಕಲ್ ರಿಪೇರಿ ಮಾಡಿಕೊಂಡು, ಕಾರಿಗೆ ರ‍್ಯಾಕ್ ಕೂರಿಸಿಕೊಂಡು ಬಂದವನಾಗಿ ಒಂದು ಮಾತು ಖಂಡಿತ ಹೇಳಬಲ್ಲೆ. ರ‍್ಯಾಕ್ ಮುರಿದು ಸೈಕಲ್ ಬಿದ್ದದ್ದು ಕಡಿಮೆ. ರ‍್ಯಾಕ್ ಹಿಡಿದುಕೊಂಡ ಜಾಗ ಸರಿಯಿಲ್ಲದೆ ತೊಂದರೆಯಾಗಿದ್ದೇ ಜಾಸ್ತಿ. ಜನ ರ‍್ಯಾಕ್ ಎಷ್ಟು ಗಟ್ಟಿ ಅಂತ ಕೇಳುತ್ತಾರೆ. ಅದನ್ನು ಹೊರುವ ತಗಡು, ಗಾಜು, ಸ್ಪಾಯ್ಲರ್ (ಕಾರಿನ ಹಿಂಭಾಗದ ರೆಕ್ಕೆ) ಎಷ್ಟು ಗಟ್ಟಿ ಅಂತ ಕೇಳುವುದಿಲ್ಲ. ಮಾಮೂಲಿ ಸೆಡಾನಿನಲ್ಲಿ ಈ ಪ್ರಶ್ನೆ ಅಷ್ಟು ಕಾಡುವುದಿಲ್ಲ. ಸ್ಪೋರ್ಟ್ಸ್ ಕಾರಿನಲ್ಲಿ ಎಲ್ಲವೂ ಇದರ ಮೇಲೆಯೇ ನಿಂತಿದೆ.

ಮೊದಲು ಡಿಕ್ಕಿ ರ‍್ಯಾಕ್ ವಿಷಯ ಮುಗಿಸಿಬಿಡೋಣ. ಯಾವ ಕಾರಿಗಾದರೂ ಆಗುತ್ತೆ ಅನ್ನುವ ಮಾತು ನಿಮ್ಮ ಕಾರಿಗೆ ಹೊಂದುವುದಿಲ್ಲ. ಈ ರ‍್ಯಾಕಿನ ಕೊಕ್ಕೆಗಳು ಡಿಕ್ಕಿ ಬಾಗಿಲಿನ ಅಂಚನ್ನು ಹಿಡಿಯುತ್ತವೆ. ಕಾಲುಗಳು ಬಾಗಿಲಿನ ಮೇಲೆ, ಬಂಪರ್ ಮೇಲೆ ಊರಿಕೊಳ್ಳುತ್ತವೆ. ಕೇಮನ್‌ನಲ್ಲಿ ಹಿಂದಿನ ಬಾಗಿಲಿನ ಬಹುಭಾಗ ಗಾಜು. ಅದರ ಕೆಳಗೆ, ಕಾಲು ಊರಬೇಕಾದ ಜಾಗದಲ್ಲೇ ಸ್ಪಾಯ್ಲರ್ ಇದೆ. ಆ ಸ್ಪಾಯ್ಲರ್ 120 ಕಿ.ಮೀ. ವೇಗಕ್ಕೆ ತಾನಾಗಿ ಮೇಲೇಳುತ್ತದೆ, ಸ್ವಿಚ್ ಒತ್ತಿದರೂ ಏಳುತ್ತದೆ. ಬೆಲ್ಟ್ ಬಿಗಿದಿರುವಾಗ ಅದರ ಮೋಟರ್ ಒತ್ತಲು ಹೋದರೆ ಏನಾಗುತ್ತದೆ ಅಂತ ವಿವರಿಸಬೇಕಾಗಿಲ್ಲ, ಅಲ್ವಾ?

ಇನ್ನೂ ಎರಡು ತೊಂದರೆ ಇವೆ. ನಿಮ್ಮ ಕಾರಿನ ಸೈಲೆನ್ಸರ್ ಬಾಯಿ ಬಂಪರಿನ ನಟ್ಟನಡುವೆ ಇದೆ. ಸೈಕಲ್ ನೇತಾಡುವುದು ಅದರ ಎದುರಿಗೇ. ಸಿಗ್ನಲ್‌ನಲ್ಲಿ, ಜಾಮ್‌ನಲ್ಲಿ ನಿಂತಾಗ ಬಿಸಿ ಹೊಗೆ ಒಂದೇ ಕಡೆ ಬಡಿಯುತ್ತದೆ. ಟೈರಿನ ಒಂದು ಭಾಗ ಮಾತ್ರ ಕರಗಿ ಬಿಟ್ಟುಕೊಂಡಿರುವುದನ್ನು ನೋಡಿದ್ದೇನೆ. ರಿಮ್ ಕಾರ್ಬನ್ ಆಗಿದ್ದರೆ ಇನ್ನೂ ಕಷ್ಟ, ಅದರೊಳಗಿನ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಹೊರಗೆ ಏನೂ ಕಾಣದೆ ಇರಬಹುದು. ಎರಡನೆಯದು ದೂಳು. ರ‍್ಯಾಕಿನ ಸ್ಪಂಜಿನ ಕಾಲಿನ ಕೆಳಗೆ ಸೇರಿದ ಸಣ್ಣ ಮರಳು, ಕಾರು ಅದುರಿದಂತೆಲ್ಲ ಪೇಂಟನ್ನು ತಿಕ್ಕುತ್ತಲೇ ಇರುತ್ತದೆ.

ಪೋರ್ಷೆ 911 ಇದ್ದವರೂ ಇದೇ ಕೇಳುತ್ತಾರೆ. ಅವರ ಇಂಜಿನ್ ಹಿಂದೆಯೇ ಇದೆ. ಡಿಕ್ಕಿ ಅಂದುಕೊಂಡದ್ದು ಇಂಜಿನ್ ಮುಚ್ಚಳ, ಅದರ ಮೇಲಿನ ಜಾಲರಿಯಿಂದಲೇ ಗಾಳಿ ಒಳಗೆ ಹೋಗಬೇಕು. ಅಲ್ಲಿಗೆ ಬೆಲ್ಟ್ ರ‍್ಯಾಕ್ ಬೇಡವೇ ಬೇಡ.

ಈಗ ಭಾನುವಾರದ ಪ್ರಯಾಣ. ಸೈಕಲ್ ಕಾರಿನ ಒಳಗೇ ಹೋಗಲಿ. ಇದು ನನ್ನ ಸ್ಪಷ್ಟ ಅಭಿಪ್ರಾಯ. ಕಳ್ಳತನದ ಭಯವಿಲ್ಲ, ಗಾಳಿಯಿಲ್ಲ, ಮಳೆಯಿಲ್ಲ, ಪೊಲೀಸರ ಪ್ರಶ್ನೆಯೂ ಇಲ್ಲ. ಖರ್ಚು ಒಂದು ಹಳೆ ಬೆಡ್‌ಶೀಟು, ಎರಡು ಪಟ್ಟಿ ಬೆಲ್ಟು. ಎರಡು ಸೀಟಿನ ಕಾರಿನಲ್ಲಿ ಸೈಕಲ್ ಹಿಡಿಸುವುದೇ ಇಲ್ಲ ಅಂತ ಬಹಳ ಜನ ಪ್ರಯತ್ನವನ್ನೇ ಮಾಡುವುದಿಲ್ಲ. ಎರಡೂ ಚಕ್ರ ಬಿಚ್ಚಿದ ಮೇಲೆ ರೋಡ್ ಬೈಕಿನಲ್ಲಿ ಉಳಿಯುವುದು ಹಿಂದು ಮುಂದಿನ ಆಕ್ಸಲ್ ನಡುವೆ ಸುಮಾರು ಒಂದು ಮೀಟರ್ ಉದ್ದದ ಫ್ರೇಮು, ಒಂದು ಹ್ಯಾಂಡಲ್ಲು, ಅಷ್ಟೇ.

ಮಾಡುವ ಕ್ರಮ ಹೀಗೆ. ಗೇರನ್ನು ಹಿಂದಿನ ಅತಿ ಚಿಕ್ಕ ಹಲ್ಲುಗಾಲಿಗೆ ತನ್ನಿ, ಆಗ ಹಿಂದಿನ ಚಕ್ರ ಸುಲಭವಾಗಿ ಬಿಚ್ಚಿ ಬರುತ್ತದೆ. ಪೆಡಲ್ ಬಿಚ್ಚಿ. ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ, ಮರೆಯಬೇಡಿ. ಸೀಟ್ ಪೋಸ್ಟ್ ಎತ್ತರಕ್ಕೆ ಒಂದು ಟೇಪ್ ಗುರುತು ಹಾಕಿ ಕೆಳಗಿಳಿಸಿ. ಎರಡೂ ಚಕ್ರ ತೆಗೆದ ಕೂಡಲೇ ಬ್ರೇಕ್ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ. ಹೊಸ ಸೈಕಲ್ ಜೊತೆ ಅದು ಬಂದಿರುತ್ತದೆ, ಇಲ್ಲದಿದ್ದರೆ ಯಾವ ಸೈಕಲ್ ಅಂಗಡಿಯಲ್ಲಾದರೂ ಸಿಗುತ್ತದೆ. ಇದನ್ನು ಬಿಟ್ಟರೆ, ತೂರಿಸುವ ಗಡಿಬಿಡಿಯಲ್ಲಿ ಯಾರೋ ಬ್ರೇಕ್ ಲಿವರ್ ಒತ್ತುತ್ತಾರೆ, ಪ್ಯಾಡ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಕಾರಹಳ್ಳಿ ಕ್ರಾಸಿನ ಕತ್ತಲಲ್ಲಿ ನಿಂತು ಟೈರ್ ಲಿವರಿನಿಂದ ಅವನ್ನು ಬಿಡಿಸಬೇಕಾಗುತ್ತದೆ. ಬಿಚ್ಚಿದ ಆಕ್ಸಲ್‌ಗಳನ್ನು ಫ್ರೇಮಿಗೇ ತಿರುಗಿಸಿ ಇಟ್ಟುಬಿಡಿ. ಆಗ ಮನೆಯಲ್ಲಿ ಮರೆತು ಬರುವ ಪ್ರಶ್ನೆಯೇ ಇಲ್ಲ.

ಪಕ್ಕದ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ. ನಿಮ್ಮ ಕಾರಿನಲ್ಲಿ ಸೀಟಿನ ಹಿಂದೆಯೇ ಇಂಜಿನ್ ಗೋಡೆ ಇರುವುದರಿಂದ ಸೀಟು ಚಪ್ಪಟೆಯಾಗಿ ಮಲಗುವುದಿಲ್ಲ. ಪರವಾಗಿಲ್ಲ. ದಪ್ಪ ಬಟ್ಟೆ ಹಾಸಿ, ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಭಾಗವನ್ನು ಕಾಲಿಡುವ ಜಾಗಕ್ಕೆ ಇಳಿಸಿ, ಹಿಂಭಾಗ ತಲೆದಿಂಬಿನ ಕಡೆ ಬರುವಂತೆ ಇಡಿ. ಚೈನ್ ಇರುವ ಮಗ್ಗುಲು ಬಾಗಿಲ ಕಡೆಗಿರಲಿ, ನಿಮ್ಮ ಕಡೆಗೆ ಬೇಡ. ಹ್ಯಾಂಡಲ್ ಗೇರ್ ಲಿವರಿಗೆ, ನಿಮ್ಮ ಮೊಣಕೈಗೆ ತಾಗಬಾರದು, ಬಲಗಡೆ ಕನ್ನಡಿ ನೋಡಿದ ಹಾಗೆಯೇ ಎಡಗಡೆ ಕನ್ನಡಿಯೂ ಕಾಣಬೇಕು. ಫ್ರೇಮ್ ದೊಡ್ಡ ಸೈಜಿನದಾದರೆ ಕೋನ ಸ್ವಲ್ಪ ಬದಲಾಗಬಹುದು. ಶನಿವಾರ ಸಂಜೆ ಬೆಳಕಿರುವಾಗ ಒಂದು ಸಲ ಇಟ್ಟು ನೋಡಿ. ಬೆಳಗಿನ ಜಾವ ನಾಲ್ಕಕ್ಕೆ ಮೊದಲ ಪ್ರಯೋಗ ಮಾಡಬೇಡಿ.

ಚಕ್ರಗಳು ಟೈರ್ ಸೇರಿ ಸುಮಾರು 68 ಸೆಂ.ಮೀ. ಅಗಲ. ಹಿಂದಿನ ಗಾಜಿನ ಕೆಳಗೆ, ಇಂಜಿನ್ ಮೇಲಿನ ಹಾಸಿನಲ್ಲಿ ಮಲಗಿಸಬಹುದು. ಟೇಪ್ ಹಿಡಿದು ಅಳೆದುಕೊಳ್ಳಿ. ಡಿಸ್ಕ್ ಮೇಲೆ ಕೈ ಇಡಬೇಡಿ, ಸೀಟಿನ ಲೆದರ್ ಕ್ರೀಮ್ ಹತ್ತಿರಕ್ಕೂ ಒಯ್ಯಬೇಡಿ. ಎಣ್ಣೆ ಪಸೆ ತಗುಲಿದರೆ ನಂದಿ ಇಳಿಯುವಾಗ ಬ್ರೇಕ್ ಕಿರುಚುತ್ತದೆ, ಹಿಡಿತವೂ ಕಡಿಮೆಯಾಗುತ್ತದೆ. ಆ ಇಳಿಜಾರಿನ ತಿರುವುಗಳಲ್ಲಿ ಬ್ರೇಕ್ ಎಷ್ಟು ಮುಖ್ಯ ಅಂತ ನಿಮಗೇ ಗೊತ್ತು.

ಇಂಜಿನ್ ಮೇಲಿನ ಆ ಜಾಗ ಬೆಚ್ಚಗಿರುತ್ತದೆ ಅನ್ನುವುದು ನೆನಪಿರಲಿ. ಟೈರಿನ ಗಾಳಿ 25 ಡಿಗ್ರಿಯಿಂದ 55 ಡಿಗ್ರಿಗೆ ಏರಿದರೆ, 5 ಬಾರ್ ಇದ್ದದ್ದು ಸುಮಾರು 5.6 ಬಾರ್ ಆಗುತ್ತದೆ. ಈಗಿನ, ಟೈರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದ ಹುಕ್‌ಲೆಸ್ ರಿಮ್‌ಗಳಿಗೆ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ಮೇಲ್ಮಿತಿ. ಆದ್ದರಿಂದ ಮನೆಯಲ್ಲಿ ಪೂರ್ತಿ ಗಾಳಿ ತುಂಬಿಸಿ ಹೊರಡಬೇಡಿ. ಪಂಪ್ ಜೊತೆಗಿರಲಿ, ಅಲ್ಲಿಗೆ ಹೋಗಿ ತುಂಬಿಸಿ.

ಒಳಗೆ ಇಟ್ಟರೂ ಒಂದು ಅಪಾಯ ಉಳಿಯುತ್ತದೆ. ಜನ ಇದನ್ನು ಲಘುವಾಗಿ ತಗೊಳ್ಳುತ್ತಾರೆ, ಹಾಗಾಗಿ ಒತ್ತಿ ಹೇಳುತ್ತೇನೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಡಿಕ್ಕಿಯಾದರೆ ಒಳಗಿನ ಸಾಮಾನಿನ ಹೊಡೆತ ಅದರ ತೂಕದ ಹತ್ತಾರು ಪಟ್ಟು ಆಗುತ್ತದೆ. 8 ಕೆ.ಜಿ. ಸೈಕಲ್ 200 ಕೆ.ಜಿ.ಗೂ ಮೀರಿ ಹೊಡೆಯಬಹುದು. ಅದು ನಿಮ್ಮ ತಲೆಯಿಂದ ಒಂದಡಿ ದೂರದಲ್ಲಿದೆ. ಸೀಟ್ ಬೆಲ್ಟನ್ನು ಫ್ರೇಮಿನ ತ್ರಿಕೋನದೊಳಗಿಂದ ಹಾಯಿಸಿ ಲಾಕ್ ಮಾಡಿ. ಅದರ ಜೊತೆ ಇನ್ನೊಂದು ಪಟ್ಟಿ ಬೆಲ್ಟಿನಿಂದ ಸೀಟಿಗೆ ಬಿಗಿಯಿರಿ. ಚಕ್ರಗಳನ್ನೂ ಕಟ್ಟಿ, ಸುಮ್ನೆ ಇಟ್ಟು ಹೊರಡಬೇಡಿ, ಬ್ರೇಕ್ ಹಾಕಿದಾಗ ಅವು ಮುಂದಕ್ಕೆ ಬರುತ್ತವೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಆಫ್ ಮಾಡುವ ಸ್ವಿಚ್ ನಿಮ್ಮ ಕಾರಿನಲ್ಲಿ ಇದ್ದರೆ ಆಫ್ ಮಾಡಿ. ಸೈಕಲ್ ಇಳಿಸಿದ ಮೇಲೆ ಮತ್ತೆ ಆನ್ ಮಾಡುವುದು ಅಷ್ಟೇ ಮುಖ್ಯ.

ಇನ್ನು ಮಡಿಕೇರಿ. ಇಲ್ಲಿಯೇ ನಿಮ್ಮ ಗೆಳೆಯರ ಜಗಳ ಶುರುವಾಗುವುದು.

ಕಪ್ ರ‍್ಯಾಕ್ ಬಗ್ಗೆ ಹೆದರಿಸಿದ ಗೆಳೆಯ ಅದನ್ನು ಅಡುಗೆಮನೆ ಗೋಡೆಗೆ ಅಂಟಿಸುವ ರಬ್ಬರ್ ಕೊಕ್ಕೆಯ ಹಾಗೆ ಅಂದುಕೊಂಡಿದ್ದಾರೆ. ಆ ಕೊಕ್ಕೆಯಲ್ಲಿ ಕೈಯಿಂದ ಒತ್ತಿದಷ್ಟು ಗಾಳಿ ಮಾತ್ರ ಹೊರಗೆ ಹೋಗುತ್ತದೆ. ರ‍್ಯಾಕಿನ ಕಪ್‌ಗೆ ಪಂಪ್ ಇದೆ. ಒತ್ತಿದಂತೆಲ್ಲ ಒಳಗಿನ ಗಾಳಿ ಹೊರಗೆ ಬರುತ್ತದೆ, ಹೊರಗಿನ ವಾತಾವರಣ ಕಪ್ಪನ್ನು ಕಾರಿಗೆ ಒತ್ತಿ ಹಿಡಿಯುತ್ತದೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಒಂದು ಚದರ ಸೆಂ.ಮೀ.ಗೆ ಹೆಚ್ಚುಕಡಿಮೆ 1 ಕೆ.ಜಿ. ಕಪ್ 15 ಸೆಂ.ಮೀ. ಅಗಲವಿದ್ದರೆ ಅದರ ವಿಸ್ತೀರ್ಣ ಸುಮಾರು 177 ಚದರ ಸೆಂ.ಮೀ. ಒಳಗೆ ಗಾಳಿಯೇ ಇಲ್ಲದಿದ್ದರೆ ಹಿಡಿತ 180 ಕೆ.ಜಿ. ಮುಟ್ಟುತ್ತದೆ. ಈ ರೀತಿಯ ರ‍್ಯಾಕಿಗೆ ಹೆಸರಾದ ಅಮೆರಿಕದ ಸೀಸಕರ್ ಕಂಪನಿ ತನ್ನ 6 ಇಂಚಿನ ಒಂದು ಕಪ್‌ಗೆ ಹೇಳುವುದು 210 ಪೌಂಡ್, ಅಂದರೆ 95 ಕೆ.ಜಿ. ಲೆಕ್ಕದಲ್ಲಿ ಬರುವುದರ ಅರ್ಧದಷ್ಟು. ಒಂದು ಸೈಕಲ್‌ಗೆ ಮುಂದೆ ಮೂರು ಕಪ್, ಹಿಂದಿನ ಚಕ್ರಕ್ಕೆ ಒಂದು. ಹಾಗಾಗಿ ನೇರವಾಗಿ ಎಳೆದು ಕೀಳುವ ಮಟ್ಟಿಗೆ ಬೇಕಾದಷ್ಟು ಬಲ ಇದೆ.

ಎತ್ತರ ಹೋದಂತೆ ಗಾಳಿ ತೆಳುವಾಗಿ ಹಿಡಿತ ಕಡಿಮೆಯಾಗುತ್ತದೆ ಅನ್ನುವುದೂ ನಿಜವೇ. ಆದರೆ ಎಷ್ಟು? ಬೆಂಗಳೂರು ಇರುವುದೇ ಸುಮಾರು 900 ಮೀಟರ್ ಮೇಲೆ. ಇಲ್ಲಿಯೇ ಒತ್ತಡ ಕರಾವಳಿಗಿಂತ ಸುಮಾರು ಶೇ. 10 ಕಡಿಮೆ. 1,478 ಮೀಟರ್ ಎತ್ತರದ ನಂದಿಯಲ್ಲಿ ಶೇ. 15ರಷ್ಟು ಕಡಿಮೆ. ಮಡಿಕೇರಿ ಬೆಂಗಳೂರಿಗಿಂತ ಇನ್ನೂರು ಮುನ್ನೂರು ಮೀಟರ್ ಎತ್ತರದಲ್ಲಿದೆ, ಅಷ್ಟೇ. ಈ ದಾರಿಯಲ್ಲಿ ಎತ್ತರದ ಬಗ್ಗೆ ಚಿಂತೆ ಬೇಡ. ಮಂಗಳೂರಿನಲ್ಲಿ ಕಪ್ ಕೂರಿಸಿ ಘಾಟಿ ಹತ್ತುವವರು ಮಾತ್ರ ಮೇಲೆ ಹೋದ ಮೇಲೆ ಇನ್ನೊಂದೆರಡು ಸಲ ಪಂಪ್ ಮಾಡಲಿ.

ಹಾಗಾದರೆ ಕಪ್ ಕಿತ್ತುಬಂದ ಕತೆಗಳೆಲ್ಲ ಸುಳ್ಳೇ? ಸುಳ್ಳಲ್ಲ. ಕಾರಣ ಬೇರೆ. ಕಪ್ ಕೆಳಗೆ ದೂಳಿದ್ದರೆ, ಎರಡು ತಗಡು ಸೇರುವ ಗೆರೆಯ ಮೇಲೆ ಅಥವಾ ಗಾಜು ಮತ್ತು ತಗಡು ಸೇರುವ ಅಂಚಿನ ಮೇಲೆ ಕೂರಿಸಿದರೆ, ಗಾಳಿ ನಿಧಾನವಾಗಿ ಒಳಗೆ ಸೋರುತ್ತದೆ. ಬೆಳಗಿನ ಇಬ್ಬನಿ ಇನ್ನೊಂದು. ನೇರ ಎಳೆತವನ್ನು ಕಪ್ ಚೆನ್ನಾಗಿ ತಡೆಯುತ್ತದೆ, ಜಾರುವುದನ್ನು ಅಷ್ಟು ತಡೆಯುವುದಿಲ್ಲ. ಜಾರದಂತೆ ಹಿಡಿಯುವುದು ರಬ್ಬರಿಗೂ ಮೇಲ್ಮೈಗೂ ಇರುವ ತಿಕ್ಕಾಟ ಮಾತ್ರ. ಒದ್ದೆ ಗಾಜು, ಪಾಲಿಶ್ ಹಾಕಿದ ಪೇಂಟು ಆ ತಿಕ್ಕಾಟವನ್ನು ಕಡಿಮೆ ಮಾಡುತ್ತವೆ. ಜೊತೆಗೆ ಬಿಸಿಲು. ಒಳಗೆ ಉಳಿದ ಸ್ವಲ್ಪ ಗಾಳಿಯೂ ಬಿಸಿಯಾಗಿ ಹಿಗ್ಗುತ್ತದೆ. ಇದೆಲ್ಲ ಒಮ್ಮೆಲೇ ಆಗುವುದಿಲ್ಲ, ನಿಧಾನವಾಗಿ ಆಗುತ್ತದೆ. ಅದಕ್ಕೇ ಒಳ್ಳೆಯ ಕಪ್‌ನ ಪಂಪಿನ ಮೇಲೆ ಬಣ್ಣದ ಗೆರೆ ಇರುತ್ತದೆ. ಹಿಡಿತ ಕಡಿಮೆಯಾದರೆ ಗೆರೆ ಹೊರಗೆ ಕಾಣುತ್ತದೆ. ನೋಡುವುದಕ್ಕೆ ಹಾಗೆಯೇ ಇರುವ, ಆದರೆ ಈ ಗೆರೆ ಇಲ್ಲದ ಅಗ್ಗದ ರ‍್ಯಾಕ್‌ಗಳು ಮಾರುಕಟ್ಟೆಯಲ್ಲಿವೆ. ಅವನ್ನು ದಯವಿಟ್ಟು ಕೊಳ್ಳಬೇಡಿ. ಬಿದ್ದರೆ ಹೋಗುವುದು ನಿಮ್ಮ ಸೈಕಲ್ ಮಾತ್ರ ಅಲ್ಲ. ಹಿಂದೆ ಸ್ಕೂಟರಿನಲ್ಲಿ ಯಾರೋ ಬರುತ್ತಿರುತ್ತಾರೆ.

ಈಗ ನಿಮ್ಮ ಪಿಪಿಎಫ್. ಈ ಕಾರಣಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ. ಫಿಲ್ಮ್ ಮೇಲೆ ಕಪ್ ಕೂರಿಸಿದರೆ ಕಪ್ ಹಿಡಿದಿರುವುದು ಫಿಲ್ಮನ್ನು, ಕಾರನ್ನಲ್ಲ. ಕಾರನ್ನು ಹಿಡಿದಿರುವುದು ಫಿಲ್ಮಿನ ಅಂಟು. ಆ ಅಂಟನ್ನು ಕಲ್ಲೇಟು, ಗೀರು ತಡೆಯಲು ಮಾಡಿದ್ದಾರೆ, ಗಂಟೆಗಟ್ಟಲೆ ಮೇಲಕ್ಕೆ ಎಳೆಯುವ ಬಲಕ್ಕೆ ಮಾಡಿಲ್ಲ. ಫಿಲ್ಮ್ ಗುಳ್ಳೆ ಏಳಬಹುದು, ಹಿಗ್ಗಬಹುದು, ಅಂಚಿನ ಹತ್ತಿರವಿದ್ದರೆ ಸುಲಿದೂ ಬರಬಹುದು. ವಿನೈಲ್ ರ‍್ಯಾಪ್ ಇದ್ದವರಿಗೂ ಇದೇ ಮಾತು.

ನಿಮ್ಮ ಕಾರಿನ ಹಿಂದಿನ ಗಾಜು ದೊಡ್ಡದು, ಅದರ ಮೇಲೆ ಫಿಲ್ಮ್ ಇರುವುದಿಲ್ಲ. ಹಿಂದಿನ ಚಕ್ರದ ಕಪ್ ಅಲ್ಲಿಗೆ ಬರುತ್ತದೆ. ಉಳಿದ ಮೂರು ಕಪ್ ರೂಫಿನ ಮೇಲೆ ಬೇಕು. ಪಿಪಿಎಫ್ ಹಾಕಿದವರ ಹತ್ತಿರ ಹೋಗಿ ರೂಫಿನ ಫಿಲ್ಮ್ ಮಾತ್ರ ತೆಗೆಸಿ. ಮನಸ್ಸಿಗೆ ಸ್ವಲ್ಪ ಕಷ್ಟವಾಗುತ್ತದೆ ಅಂತ ಗೊತ್ತು. ಆದರೆ ಕಲ್ಲು ಸಿಡಿದು ಬೀಳುವುದು ಬಾನೆಟ್ಟಿಗೆ, ಮುಂದಿನ ಬಂಪರಿಗೆ, ರೂಫಿಗೆ ಅಲ್ಲ. ಅದನ್ನು ತೆಗೆಸಲು ಮನಸ್ಸು ಒಪ್ಪದಿದ್ದರೆ ಕಪ್ ರ‍್ಯಾಕ್ ಆಸೆಯನ್ನೇ ಬಿಡಿ. ಸ್ಪಾಯ್ಲರ್ ಮೇಲೆ ಕಪ್ ಇಡುವ ಯೋಚನೆ ಮಾತ್ರ ಯಾವತ್ತೂ ಬೇಡ.

ಕಾರ್ಬನ್ ಫ್ರೇಮನ್ನು ರ‍್ಯಾಕಿಗೆ ಹಾಕಲೇಬಾರದು ಅಂತಲೂ ನಿಮಗೆ ಯಾರಾದರೂ ಹೇಳುತ್ತಾರೆ. ಅದರಲ್ಲಿ ಅರ್ಧ ಸತ್ಯ ಇದೆ. ಮೇಲಿನ ಟ್ಯೂಬನ್ನು ಅಥವಾ ಕೆಳಗಿನ ಟ್ಯೂಬನ್ನು ಹಿಡಿದು ಬಿಗಿಯುವ ರ‍್ಯಾಕ್ ಕಾರ್ಬನ್‌ಗೆ ಬೇಡ. ಆ ಟ್ಯೂಬಿನ ಗೋಡೆ ತೆಳು, ಅಕ್ಕಪಕ್ಕದಿಂದ ಹಿಸುಕಿದರೆ ಒಳಗೆ ಬಿರುಕು ಬಿಡಬಹುದು. ಫೋರ್ಕ್ ತುದಿಯಲ್ಲಿ ಹಿಡಿಯುವ ರ‍್ಯಾಕ್ ಬೇರೆ. ಅಲ್ಲಿ ಚಕ್ರದ ಆಕ್ಸಲ್ ಹಿಡಿಯುವ ಜಾಗದಲ್ಲೇ ರ‍್ಯಾಕ್ ಹಿಡಿಯುತ್ತದೆ. ನಿಮ್ಮದು ಡಿಸ್ಕ್ ಬ್ರೇಕಿನ ಸೈಕಲ್ ಆದ್ದರಿಂದ ಮುಂದೆ ಬಹುತೇಕ 12 ಮಿ.ಮೀ. ದಪ್ಪದ, 100 ಮಿ.ಮೀ. ಅಗಲದ ಥ್ರೂ ಆಕ್ಸಲ್ (ಫೋರ್ಕಿನ ಎರಡೂ ತುದಿಯಲ್ಲಿ ತೂರಿಸಿ ತಿರುಪುವ ಆಕ್ಸಲ್) ಇರುತ್ತದೆ. ಅದಕ್ಕೆ ತಕ್ಕ ಅಡಾಪ್ಟರ್ ಬೇಕು. ಆಕ್ಸಲ್ ಮೇಲೆ ಎಷ್ಟು ಬಿಗಿಯಬೇಕು ಅಂತ ಬರೆದಿರುತ್ತದೆ, ಅಷ್ಟೇ ಬಿಗಿಯಿರಿ. ಹಿಂದಿನ ಚಕ್ರದ ಪಟ್ಟಿ ಸಡಿಲವಿದ್ದರೆ ಸೈಕಲ್ ಅಕ್ಕಪಕ್ಕ ಓಲಾಡುತ್ತದೆ, ಆ ತಿರುಚು ಪೂರ್ತಿ ಫೋರ್ಕ್ ಮೇಲೆ ಬೀಳುತ್ತದೆ. ಕೆಲವು ಫ್ರೇಮ್ ಕಂಪನಿಗಳು ಫೋರ್ಕ್ ಹಿಡಿಯುವ ರ‍್ಯಾಕ್ ಬಗ್ಗೆ ಕೈಪಿಡಿಯಲ್ಲೇ ಎಚ್ಚರಿಕೆ ಕೊಟ್ಟಿರುತ್ತವೆ. ನಿಮ್ಮದನ್ನು ಒಮ್ಮೆ ತೆಗೆದು ನೋಡಿ.

ದಾರಿಯಲ್ಲಿ ಹೇಗೆ? ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಇದ್ದ ತಳ್ಳುವಿಕೆ 120ಕ್ಕೆ ಹೋದಾಗ ಎರಡೂಕಾಲು ಪಟ್ಟು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಮಿತಿಯೇ 100. ಸೈಕಲ್ ಮೇಲಿದ್ದಾಗ ನೀವು 80ರಿಂದ 90ರಲ್ಲೇ ಇರಿ. ನಿಮ್ಮ ಕಾರಿಗೆ ಶಕ್ತಿ ಇದೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಬಸ್ಸು, ಲಾರಿ ದಾಟುವಾಗ ಅಡ್ಡಗಾಳಿ ಹೊಡೆಯುತ್ತದೆ, ಅದು ಎದುರುಗಾಳಿಗಿಂತ ಕೆಟ್ಟದ್ದು. ಸೈಕಲ್‌ಗೆ ಕವರ್ ಹಾಕಬೇಡಿ. ಕವರ್ ಗಾಳಿ ತುಂಬಿಕೊಂಡು ರ‍್ಯಾಕನ್ನೇ ಎಳೆಯುತ್ತದೆ. ಬಾಟಲಿ, ಸೀಟಿನ ಕೆಳಗಿನ ಚೀಲ, ಮೀಟರ್ ಎಲ್ಲ ತೆಗೆದು ಒಳಗಿಡಿ.

ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರದವರೆಗೆ ಹಂಪ್‌ಗಳನ್ನು ನೋಡಿಕೊಂಡು ಹೋಗಿ. ನಿಯಮದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಊರೊಳಗಿನ ಎಷ್ಟೋ ಹಂಪ್ ಹಾಗಿರುವುದಿಲ್ಲ. ನಿಮ್ಮ ಕಾರಿನ ಸಸ್ಪೆನ್ಷನ್ ಗಡಸು, ಆ ಕುಲುಕಾಟ ನೇರ ಕಪ್‌ಗೆ ಹೋಗುತ್ತದೆ. ಹೊರಟ ಹತ್ತು ನಿಮಿಷಕ್ಕೆ ಒಮ್ಮೆ ನಿಲ್ಲಿಸಿ ನಾಲ್ಕೂ ಗೆರೆ ನೋಡಿ. ಆಮೇಲೆ ತಿಂಡಿಗೆ, ಕಾಫಿಗೆ ನಿಂತಾಗಲೆಲ್ಲ ನೋಡಿ. ಕೆಟ್ಟ ಹಂಪ್ ಹಾರಿಸಿದರೆ ಆಗಲೂ ನೋಡಿ. ಕುಶಾಲನಗರದಿಂದ ಮೇಲೆ ತಿರುವುಗಳು ಶುರುವಾಗುವ ಮೊದಲು ಒಂದು ಕಡ್ಡಾಯ ನಿಲುಗಡೆ. ಬಿಸಿಲಲ್ಲಿ ಕಾರು ಬಿಟ್ಟು ಊಟಕ್ಕೆ ಹೋಗಬೇಡಿ, ನೆರಳು ಹುಡುಕಿ, ಕಣ್ಣಿಗೆ ಕಾಣುವ ಕಡೆ ನಿಲ್ಲಿಸಿ. ಕಪ್ಪಿನ ಅಂಚಿನ ನಾಲಿಗೆ ಎತ್ತಿದರೆ ರ‍್ಯಾಕ್ ಬಿಟ್ಟುಕೊಳ್ಳುತ್ತದೆ. ಅದು ನಿಮಗೆ ಎಷ್ಟು ಸುಲಭವೋ ಕಳ್ಳನಿಗೂ ಅಷ್ಟೇ ಸುಲಭ. ರಾತ್ರಿ ರ‍್ಯಾಕ್, ಸೈಕಲ್ ಎರಡೂ ರೂಮಿನೊಳಗೆ ಬರಲಿ.

ಎತ್ತರದ ಮಾತು ಇನ್ನೊಂದಿದೆ. ನಿಮ್ಮ ಕಾರು ಸುಮಾರು 1.3 ಮೀಟರ್. ಸೈಕಲ್ ಸೇರಿ ಹೆಚ್ಚುಕಡಿಮೆ 2.2 ಮೀಟರ್ ಆಗುತ್ತದೆ. ಬೇಸ್‌ಮೆಂಟ್ ಪಾರ್ಕಿಂಗ್‌ಗೆ ಅದು ಅಪಾಯದ ಎತ್ತರ. ರ‍್ಯಾಕ್ ಹಾಕಿದ ಸೈಕಲ್ ಹಾಳಾಗುವುದು ಹೈವೇಯಲ್ಲಿ ಅಲ್ಲ, ಮನೆಗೆ ವಾಪಸ್ ಬಂದು ಅಪಾರ್ಟ್‌ಮೆಂಟಿನ ಇಳಿಜಾರಿಗೆ ಕಾರು ತಿರುಗಿಸಿದಾಗ. ಸುಸ್ತಾಗಿರುತ್ತೀರಿ, ಮೇಲೆ ಸೈಕಲ್ ಇದೆ ಅನ್ನುವುದು ಮರೆತಿರುತ್ತದೆ. ಸೈಕಲ್ ಮೇಲೇರಿಸಿದ ಕೂಡಲೇ ಸ್ಟೀರಿಂಗ್‌ಗೆ ಒಂದು ಬಣ್ಣದ ರಿಬ್ಬನ್ ಕಟ್ಟಿಬಿಡಿ.

ಕಪ್ ಬೇಡ ಅನ್ನಿಸಿದರೆ ಕಂಪನಿಯದೇ ರೂಫ್ ಕ್ಯಾರಿಯರ್ ಬಗ್ಗೆ ಕೇಳಿ. 911 ಕೂಪೆಯಂಥ ಗಟ್ಟಿ ರೂಫಿನ ಕಾರುಗಳಿಗೆ ಪೋರ್ಷೆಯೇ ಅದನ್ನು ಮಾರುತ್ತದೆ. ಛಾಸಿ ನಂಬರ್ ಕೊಟ್ಟು, ನಿಮ್ಮ ಕಾರಿಗೆ ಯಾವುದು ಹೊಂದುತ್ತದೆ, ರೂಫಿನ ಮೇಲೆ ಎಷ್ಟು ತೂಕ ಬಿಡುತ್ತಾರೆ ಅಂತ ಪಾರ್ಟ್ಸ್ ಕೌಂಟರಿನಲ್ಲಿ ಬರೆಸಿಕೊಳ್ಳಿ. ದುಬಾರಿ, ತರಿಸಲು ಸಮಯವೂ ಹಿಡಿಯುತ್ತದೆ. ಆದರೆ ಅದು ಸಿಕ್ಕಿದರೆ ಕಪ್‌ಗಿಂತ ಅದಕ್ಕೇ ನನ್ನ ಮತ. ಬಟ್ಟೆಯ ರೂಫಿನ ಬಿಎಂಡಬ್ಲ್ಯು ಜೆಡ್4 ಇಟ್ಟುಕೊಂಡವರಿಗೆ ಈ ದಾರಿ ಇಲ್ಲ. ಬಟ್ಟೆ ರೂಫು ಭಾರ ಹೊರುವುದಿಲ್ಲ, ಕಪ್ಪೂ ಅಲ್ಲಿ ಹಿಡಿಯುವುದಿಲ್ಲ.

ಟೋಯಿಂಗ್ ಕೊಕ್ಕೆ ತಿರುಪುವ ತೂತಿಗೆ ರ‍್ಯಾಕ್ ಸಿಕ್ಕಿಸುವವರೂ ಇದ್ದಾರೆ. ಆ ತೂತು ಇರುವುದು ಕಾರನ್ನು ಮುಂದಕ್ಕೆ ಹಿಂದಕ್ಕೆ ಎಳೆಯಲು. ಮೇಲೆ ಕೆಳಗೆ ಕುಲುಕುವ ಭಾರಕ್ಕೆ ನಾನು ಅದನ್ನು ನಂಬುವುದಿಲ್ಲ.

ನಿಮ್ಮ ಹೆಂಡತಿಯವರ ಭಯಕ್ಕೂ ಆಧಾರ ಇದೆ. ಸಾಮಾನು ಕಾರಿನ ಅಕ್ಕಪಕ್ಕ, ಹಿಂದೆ ಮುಂದೆ ಮಿತಿ ಮೀರಿ ಚಾಚಿದರೆ ಮೋಟಾರು ವಾಹನ ಕಾಯ್ದೆಯ ಕಲಂ 194(1ಎ) ಪ್ರಕಾರ 20,000 ರೂಪಾಯಿ ದಂಡ ಇದೆ. 2019ರ ತಿದ್ದುಪಡಿಯಲ್ಲಿ ಬಂದದ್ದು. ರೂಫಿನ ಮೇಲೆ ಉದ್ದುದ್ದಕ್ಕೆ ನಿಂತ ಸೈಕಲ್ ಕಾರಿನ ಅಗಲ ದಾಟುವುದಿಲ್ಲ, ರೋಡ್ ಬೈಕಿನ ಹ್ಯಾಂಡಲ್ ಅರ್ಧ ಮೀಟರೂ ಇರುವುದಿಲ್ಲ. ಹಿಂದೆ ಅಡ್ಡಡ್ಡ ನೇತುಹಾಕಿದರೆ ಮಾತ್ರ ಲೆಕ್ಕ ಹಾಕಬೇಕು. ಕೇಮನ್ ಅಗಲ 1.8 ಮೀಟರ್. ರೋಡ್ ಬೈಕ್ ಸುಮಾರು 1.7 ಮೀಟರ್, ಹೇಗೋ ಒಳಗೇ ಉಳಿಯುತ್ತದೆ. 29 ಇಂಚಿನ ಎಂಟಿಬಿ (ಮೌಂಟನ್ ಬೈಕ್) ಹೊರಗೆ ಚಾಚಬಹುದು. ಹಿಂದಿನ ರ‍್ಯಾಕ್ ನಂಬರ್ ಪ್ಲೇಟನ್ನೂ ಲೈಟನ್ನೂ ಮುಚ್ಚುತ್ತದೆ. ಯುರೋಪಿನಲ್ಲಿ ರ‍್ಯಾಕ್ ಮೇಲೆ ಇನ್ನೊಂದು ಪ್ಲೇಟ್ ಹಾಕಿಕೊಳ್ಳುವ ಪದ್ಧತಿ ಇದೆ. ನಮ್ಮಲ್ಲಿ ಎಚ್‌ಎಸ್‌ಆರ್‌ಪಿ ಬರುವುದು ಮುಂದೊಂದು ಹಿಂದೊಂದು, ಮೂರನೆಯದು ಕೊಡುವುದಿಲ್ಲ. ರೂಫಿನ ಮೇಲೆ ಹೋದರೆ ಈ ತೊಂದರೆ ಯಾವುದೂ ಇಲ್ಲ.

ವಾರಂಟಿ ಬಗ್ಗೆ ಬಾಯಿಮಾತಿಗೆ ಹೆದರಬೇಡಿ, ಬಾಯಿಮಾತನ್ನು ನಂಬಲೂ ಬೇಡಿ. ರ‍್ಯಾಕಿನಿಂದ ಪೇಂಟು, ಗಾಜು ಹಾಳಾದರೆ ವಾರಂಟಿಯಲ್ಲಿ ಮಾಡಿಕೊಡುವುದಿಲ್ಲ, ಅದು ಸಹಜ. ಇಂಜಿನ್ನು, ಗೇರ್‌ಬಾಕ್ಸಿಗೂ ಅದೇ ನೆಪ ಹೇಳುತ್ತಾರಾ ಅಂತ ಈಮೇಲ್‌ನಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ತಗೊಳ್ಳಿ. ಇನ್ಶೂರೆನ್ಸ್ ಕಂಪನಿಗೂ ಒಂದು ಈಮೇಲ್ ಹಾಕಿ. ಕಾರಿನ ಪಾಲಿಸಿಯಲ್ಲಿ ರೂಫಿನ ಮೇಲಿನ ಸೈಕಲ್ ಸೇರಿದೆ ಅಂತ ನೀವಾಗಿ ಅಂದುಕೊಳ್ಳಬೇಡಿ.

ಮಡಿಕೇರಿಗೆ ಇನ್ನೊಂದು ದಾರಿಯೂ ಇದೆ, ವರ್ಷಕ್ಕೆ ಒಂದೆರಡು ಸಲವೇ ಆದ್ದರಿಂದ ಹೇಳುತ್ತೇನೆ. ಕೊಡಗಿಗೆ ರೈಲಿಲ್ಲ, ಹಾಗಾಗಿ ಬ್ರೇಕ್ ವ್ಯಾನ್‌ನಲ್ಲಿ ಕಳಿಸುವಂತಿಲ್ಲ. ಆದರೆ ಕೆಎಸ್‌ಆರ್‌ಟಿಸಿಯ 'ನಮ್ಮ ಕಾರ್ಗೋ' ಇದೆ. ಸೈಕಲನ್ನು ಗಟ್ಟಿ ಬ್ಯಾಗಿನಲ್ಲೋ ಅಂಗಡಿಯಿಂದ ತಂದ ರಟ್ಟಿನ ಪೆಟ್ಟಿಗೆಯಲ್ಲೋ ಚೆನ್ನಾಗಿ ಪ್ಯಾಕ್ ಮಾಡಿ ಹಿಂದಿನ ದಿನ ಕಳಿಸುವುದು ಸಾಧ್ಯವಾ ಅಂತ ಮೆಜೆಸ್ಟಿಕ್‌ನಲ್ಲಿ ವಿಚಾರಿಸಿ. ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಬಿಚ್ಚಿ ಫ್ರೇಮಿನೊಳಗೆ ಕಟ್ಟಿದರೆ, ಅದನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಬಾಗುವುದಿಲ್ಲ. ಪಾರ್ಸೆಲ್ ಮೇಲೆ ಪಾರ್ಸೆಲ್ ಹೇರುವ ಅಪಾಯ ಇದ್ದೇ ಇರುತ್ತದೆ, ಹಾಗಾಗಿ ಫೋರ್ಕ್ ತುದಿಗೂ ಹಿಂದಿನ ತುದಿಗೂ ಅಡ್ಡ ಆಸರೆ ಕೊಡಿ. ಮಡಿಚುವ ಸೈಕಲ್ ತಗೊಳ್ಳಿ ಅಂತ ಕೆಲವರು ಹೇಳುತ್ತಾರೆ. ಬ್ರಾಂಪ್ಟನ್ ಮಡಿಚಿದರೆ 65 ಸೆಂ.ಮೀ. ಒಳಗೇ ಬರುತ್ತದೆ, ಊರು ಸುತ್ತಲು ಚೆನ್ನ. ಆದರೆ ನಿಮ್ಮ ಆಸೆ ಗಾಳಿಬೀಡು ಕಡೆಯ ಏರುಗಳನ್ನು ನಿಮ್ಮದೇ ರೋಡ್ ಬೈಕಿನಲ್ಲಿ ಹತ್ತುವುದಾದರೆ ಅದು ಉತ್ತರವಾಗುವುದಿಲ್ಲ.

ಸದ್ಯಕ್ಕೆ ಈ ವಾರ ಸೈಕಲನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ನಂದಿಗೆ ಹೋಗಿಬನ್ನಿ. ಕಪ್ ರ‍್ಯಾಕ್ ಕೊಳ್ಳುವ ಮೊದಲು ಮೂರು ವಿಷಯ ಬರೆದು ಕಳಿಸಿ: ಫ್ರೇಮಿನ ಸೈಜು, ಮುಂದಿನ ಆಕ್ಸಲ್ ಮೇಲೆ ಮುದ್ರಿಸಿರುವ ಅಳತೆ, ರೂಫಿನ ಫಿಲ್ಮ್ ತೆಗೆಸಲು ನಿಮಗೆ ಒಪ್ಪಿಗೆಯೇ ಅನ್ನುವುದು. ಯಾವ ಅಡಾಪ್ಟರ್ ಬೇಕು, ಕಪ್‌ಗಳು ರೂಫಿನ ಯಾವ ಜಾಗಕ್ಕೆ ಬರಬೇಕು ಅಂತ ಚಿತ್ರ ಬಿಡಿಸಿ ಕಳಿಸುತ್ತೇನೆ.